ನಾಲ್ಕನೇ ಕಲಮು

ದೈಹಿಕ ಶಿಕ್ಷಣದಲ್ಲಿ ತಂತ್ರಜ್ಞಾನ ಬಳಸುವ ನಿಮ್ಮ ಗುರಿಗಳೇನು?
ಇಷ್ಟು ಕೇಳಿ ಫಾರಮ್ಮು ಮೂರು ಗೆರೆ ಜಾಗ ಬಿಟ್ಟಿದೆ.
ಪುಂತಾ ಅರೇನಾಸಿನ ಅಕ್ಟೋಬರು. ಹೊರಗೆ ಗಾಳಿ
ಜಲಸಂಧಿಯ ಸಿಪ್ಪೆ ಸುಲಿಯುತ್ತಿದೆ,
ಜಿಮ್ನಾಸಿಯಮ್ಮಿನ ತಗಡಿನ ಮಾಡು
ಯಾರೋ ಒಲೆಯ ಮೇಲೆ ಮರೆತುಹೋದ ಪಾತ್ರೆಯ ಮುಚ್ಚಳ.

ನಾನು ನೆಲ್ದಾ ಒಯಾರ್ಸುನ್. ಇಪ್ಪತ್ತಾರು ವರ್ಷದ ಸೀಟಿ.
ಶಾಲೆ ಕೊಟ್ಟಿರುವುದು ಮೂಲೆ ಒಡೆದ ಟ್ಯಾಬ್ಲೆಟ್ ಒಂದು,
ಎದೆಬಡಿತ ಎಣಿಸುವ ಪಟ್ಟಿ ಆರು.
ಮಕ್ಕಳು ಮೂವತ್ತೊಂದು.
ಹಾಗಾಗಿ ಮೊದಲ ಗುರಿ: ಭಾಗಾಕಾರ.

ಹೊಡೆದುಹಾಕಿದೆ. ಇನ್ಸ್‌ಪೆಕ್ಟರಿಗೆ ತಮಾಷೆ ಹಿಡಿಸುವುದಿಲ್ಲ.
'ಕ್ಷಮತೆಯನ್ನು ವಸ್ತುನಿಷ್ಠವಾಗಿ ಅಳೆಯುವುದು'
ಎಂದು ಬರೆದೆ. ಒಳ್ಳೆಯ ವಾಕ್ಯ,
ಇಸ್ತ್ರಿ ಮಾಡಿ ತೂಗುಹಾಕಿದ ಅಂಗಿ.
ಒಳಗೆ ಯಾರೂ ಇಲ್ಲ.

ಬರೆಯಬೇಕಿದ್ದದ್ದು ಬೆಲಿಸಾರಿಯೊನ ವಿಷಯ,
ಏಡಿ ಹಿಡಿಯುವ ಮಾನ್ಸಿಯನ ಎರಡನೇ ಮಗ.
ಎರಡು ವರ್ಷ, ವಾರಕ್ಕೆರಡು ಸಲ,
ಕೊನೆಯ ಸುತ್ತಿನ ಕೊನೆಯವನು.
'ಏನೋ, ಅಪ್ಪನ ದೋಣಿಯ ಲಂಗರು ಕಾಲಿಗೆ ಕಟ್ಟಿಕೊಂಡು ಬಂದೆಯಾ?'
ಎಂದು ಕೂಗುತ್ತಿದ್ದೆ. ಎಲ್ಲರೂ ನಗುತ್ತಿದ್ದರು.
ಅವನೂ ನಗುತ್ತಿದ್ದ. ನನಗೆ ಅಷ್ಟು ಸಾಕಾಗುತ್ತಿತ್ತು.

ಮೇ ತಿಂಗಳ ಒಂದು ಮಂಗಳವಾರ ಪಟ್ಟಿಯ ಸರದಿ ಅವನದಾಯಿತು.
ಪರದೆಯ ಮೇಲೆ ಆರು ಗೆರೆ.
ಗೆದ್ದವನ ಎದೆ ನೂರ ನಲವತ್ತೆರಡು,
ಮೂಲೆಯಂಗಡಿಗೆ ಹೋಗಿ ಬ್ರೆಡ್ಡು ತಂದಷ್ಟು ಸಲೀಸು.
ಅರ್ಧ ಸುತ್ತು ಹಿಂದೆ, ಕೈಬೀಸುವುದನ್ನೂ ಬಿಟ್ಟು
ಬರುತ್ತಿದ್ದ ಬೆಲಿಸಾರಿಯೊನದು ನೂರ ತೊಂಬತ್ತೆಂಟು.
ಪಟ್ಟಿ ಕೆಟ್ಟಿದೆ ಅಂದುಕೊಂಡೆ. ಮುಂದಿನ ತರಗತಿಗೆ ಬೇರೆಯದು ಕಟ್ಟಿದೆ.
ನೂರ ತೊಂಬತ್ತೊಂಬತ್ತು.

ಕೆಟ್ಟಿದ್ದು ಪಟ್ಟಿಯಲ್ಲ.

ಕೂರು ಅಂದೆ. ನೀರು ಕೊಟ್ಟೆ.
ಲಂಗರಿನ ಮಾತು ಇಬ್ಬರೂ ಎತ್ತಲಿಲ್ಲ.
ಈಗ ಅವನು ಮಾತಾಡುತ್ತ ಓಡುವಷ್ಟೇ ಓಡುತ್ತಾನೆ,
ಮಾತು ತುಂಡಾದರೆ ನಡೆಯುತ್ತಾನೆ.
ಈಗಲೂ ಕೊನೆಯವನೇ. ಆದರೆ ಬಾಯಿ ಮುಚ್ಚುವುದಿಲ್ಲ,
ಏಡಿಗಳ ಬಗ್ಗೆ ನನಗೆ ಬೇಡದಷ್ಟು ಗೊತ್ತಾಗಿದೆ.

ಮಿಲೆಂಕಾಳದು ಬೇರೆ. ಮರದ ಪೆಟ್ಟಿಗೆ ಹಾರುವಾಗ ಬಿದ್ದಳು,
ಮೊಣಕೈ ತಿಕ್ಕಿಕೊಳ್ಳುತ್ತ ನೇರ ನನ್ನ ಬಳಿ ಬಂದು
'ಪ್ರೊಫೆ, ನಿಧಾನವಾಗಿ ತೋರಿಸಿ,
ನಾನು ಎಲ್ಲಿ ಹೆದರಿದೆ ಅಂತ ನೋಡಬೇಕು' ಅಂದಳು.
ಎಲ್ಲಿ ಬಿದ್ದೆ ಅಂತಲ್ಲ.
ಹಿಂದಕ್ಕೆ ಎಳೆದೆವು, ಮತ್ತೆ ಹಿಂದಕ್ಕೆ.
ಪೆಟ್ಟಿಗೆ ಇನ್ನೂ ಮೂರು ಹೆಜ್ಜೆ ದೂರವಿರುವಾಗಲೇ
ಅವಳ ಬಲಭುಜ ಬಾಗಿಲು ಹಾಕಿಕೊಂಡಿತ್ತು.
'ಹಾಂ, ಅಲ್ಲಿ' ಅಂದಳು, ಕಳೆದ ಸಾಕ್ಸು ಸಿಕ್ಕವಳ ಹಾಗೆ.
'ಈಗ ಅಳಿಸಿ. ನನ್ನ ಮುಂದೆಯೇ. ಕಸದ ಬುಟ್ಟಿಯಿಂದಲೂ.'
ಅಳಿಸಿದೆ. ಅಳಿಸುವುದೂ ಒಂದು ಗುರಿ,
ಫಾರಮ್ಮಿನಲ್ಲಿ ಅದಕ್ಕೆ ಚೌಕವಿಲ್ಲ.

ಹೋದ ಗುರುವಾರ ಗಾಳಿ ತಂತಿ ಕಡಿಯಿತು.
ದೀಪ ಹೋಯಿತು, ಟ್ಯಾಬ್ಲೆಟ್ಟು ಅದಾಗಲೇ ಸತ್ತಿತ್ತು.
ತರಗತಿ ಮುಗಿಯಿತು ಎನ್ನಲು ಸೀಟಿ ಬಾಯಿಗಿಟ್ಟೆ.
ಅಷ್ಟರಲ್ಲಿ ಕತ್ತಲೆಯಲ್ಲಿ ಬೆಲಿಸಾರಿಯೊ
ಕುತ್ತಿಗೆಗೆ ಎರಡು ಬೆರಳು ಇಟ್ಟುಕೊಂಡು
'ಯಾರೂ ಮಾತಾಡಬೇಡಿ, ಎಣಿಸುತ್ತಿದ್ದೇನೆ' ಅಂದ.
ಪಕ್ಕದವಳೂ ಇಟ್ಟುಕೊಂಡಳು. ಅವಳ ಪಕ್ಕದವನೂ.
ಮೂವತ್ತೊಂದು ಮಕ್ಕಳು, ಹದಿನೈದು ಸೆಕೆಂಡು,
ಮೇಲೆ ತಗಡು ಬಡಿದುಕೊಳ್ಳುತ್ತಿತ್ತು, ಕೆಳಗೆ ಒಂದು ಉಸಿರೂ ಇಲ್ಲ.
ಆಮೇಲೆ ನಾಲ್ಕರಿಂದ ಗುಣಿಸಲು ಬಾರದೆ ಜಗಳ.

'ವಸ್ತುನಿಷ್ಠ'ವನ್ನು ಹಾಗೇ ಬಿಟ್ಟೆ, ಅನುದಾನ ಬೇಕಲ್ಲ.
ಇನ್ನೂ ಇಪ್ಪತ್ತೈದು ಪಟ್ಟಿ, ಒಂದು ಚಾರ್ಜರು.
ಸಹಿ ಹಾಕುವಾಗ ನೋಡಿಕೊಂಡರೆ
ಎಡಗೈಯ ಎರಡು ಬೆರಳು ತಾವಾಗಿ ಕುತ್ತಿಗೆಗೆ ಹೋಗಿವೆ.
ತೊಂಬತ್ತಾರು.
ಕೂತಲ್ಲೇ.